ಸಂಕ್ರಾಂತಿಗೆ ಕ್ಯಾರೆಟ್ ಕೇಕ್

ಹೋದ ಸಂಕ್ರಾಂತಿಗೆ ಅಣ್ಣ, ಅತ್ತಿಗೆ ಮಗಳೊಂದಿಗೆ ಕೋಲಾರದಿಂದ ಶ್ರೀನಿವಾಸಪುರದ ನಮ್ಮ ತವರುಮನೆಗೆ ಬರುತ್ತೇವೆಂದಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ವರ್ಷದಿಂದ ಅತ್ತಿಗೆ ಆ ಹೊಸಿಲು ತುಳಿದಿರಲಿಲ್ಲ.

ಅವರ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಚೂರು ಬಾಯಿಗೆ ಹೋದರೂ ತುಟಿ ಊದಿ ಉಸಿರು ಕಟ್ಟುತ್ತದೆ. ನಮ್ಮ ಕಡೆ ಕಡಲೆಕಾಯಿ ಇಲ್ಲದ ಅಡುಗೆಮನೆ ಎಲ್ಲಿದೆ? ಚಟ್ನಿಗೂ ಅದೇ, ಒಗ್ಗರಣೆಗೂ ಅದರ ಎಣ್ಣೆಯೇ. "ನಾವೆಲ್ಲ ತಿಂದು ಬೆಳೀಲಿಲ್ವಾ?" ಎಂದು ಅಮ್ಮ ಗೊಣಗುತ್ತಿದ್ದಳು. ಹಿಂದಿನ ಸಲ ಬಂದಾಗ, ಮಗು ಕೇಳಿತೆಂದು ಯಾರಿಗೂ ಕಾಣದಂತೆ ಕಡಲೆಮಿಠಾಯಿ ಕೊಟ್ಟುಬಿಟ್ಟಿದ್ದಳು. ಸ್ವಲ್ಪ ಹೊತ್ತಿಗೇ ಮಗುವಿನ ಮುಖ ಕೆಂಪಗೆ ಊದಿಕೊಂಡಿತು.

"ಏನ್ ಕೊಟ್ರಿ ಅತ್ತೆ? ಹೇಳಿ!" ಎಂದು ಅತ್ತಿಗೆ ಅಳುತ್ತಾ ಕೇಳಿದರೂ ಅಮ್ಮ "ಏನೂ ಕೊಟ್ಟಿಲ್ಲ" ಎಂದೇ ಸಾಧಿಸಿದಳು. ಕೋಲಾರದ ಆಸ್ಪತ್ರೆ ಮುಟ್ಟುವವರೆಗೂ ಮಗು ಉಸಿರಿಗೆ ಒದ್ದಾಡಿತು. ಹುಷಾರಾದ ಮೇಲೆ ಮಗುವೇ ಮಿಠಾಯಿಯ ವಿಷಯ ಹೇಳಿತು.

ಎಳ್ಳು-ಬೆಲ್ಲದಲ್ಲೂ ಕಡಲೆಬೀಜವೇ. ಎಲ್ಲರೂ ತಿನ್ನುವಾಗ ಮಗು ಬಾಯಿ ನೋಡುತ್ತ ಕೂರಬಾರದೆಂದು, ಈ ಸಲ ಎಳ್ಳಿನ ಬದಲು ಕ್ಯಾರೆಟ್ ಕೇಕ್ ಮಾಡೋಣವೆಂದೆ. ಅಮ್ಮ ಮುಖ ಗಂಟಿಕ್ಕಿದಳು, ಬೇಡವೆನ್ನಲಿಲ್ಲ. ಮಾಲೂರಿನ ನನ್ನ ಮನೆಯಿಂದ ಪುಟ್ಟ ಓವನ್, ಪಾತ್ರೆ, ತುರಿಮಣೆ ಎಲ್ಲ ಹೊತ್ತುಕೊಂಡು ಹೋದೆ. ಹಬ್ಬದ ಬೆಳಿಗ್ಗೆ ಸೂರ್ಯಕಾಂತಿ ಎಣ್ಣೆಯ ಹೊಸ ಪ್ಯಾಕೆಟ್ ಒಡೆದೆ. ಕ್ಯಾರೆಟ್ ತುರಿದು, ಚಕ್ಕೆ, ಲವಂಗ, ಜಾಯಿಕಾಯಿ ಕುಟ್ಟಿ, ಮೈದಾ, ಬೆಲ್ಲ, ಮೊಸರಿನ ಜೊತೆ ಕಲಸಿದೆ. "ಸೋಡಾ ಹಾಕಿದ್ಮೇಲೆ ಹಿಟ್ಟು ಹಾಗೇ ಇಡ್ಬಾರ್ದು ಕಣಮ್ಮ" ಎನ್ನುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಓಡಿದೆ.

ಮಗುವನ್ನು ಎತ್ತಿಕೊಂಡು ಒಳಗೆ ಬಂದರೆ ಕೇಕಿನ ಟಿನ್ನು ಆಗಲೇ ಓವನ್ನಿನಲ್ಲಿತ್ತು.

"ಹಿಟ್ಟು ಹಾಗೇ ಇಡ್ಬಾರ್ದು ಅಂದ್ಯಲ್ಲ, ನಾನೇ ಸುರಿದಿಟ್ಟೆ. ಅದೇನ್ ದೊಡ್ಡ ಕೆಲ್ಸವಾ?" ಎಂದಳು ಅಮ್ಮ.

ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂತರು. ಕುಡಿಯುವ ನೀರನ್ನೂ ಮನೆಯಿಂದಲೇ ತಂದಿದ್ದರು. ತುರ್ತಿಗೆಂದು ಡಾಕ್ಟರು ಕೊಟ್ಟ ಇಂಜೆಕ್ಷನ್ ಇದ್ದ ಚೀಲ ತೊಡೆಯಿಂದ ಇಳಿಯಲಿಲ್ಲ. ಮನೆತುಂಬ ಚಕ್ಕೆಯ ಘಮ ಹರಡಿ ಮಗು ಕುಣಿಯುತ್ತಿತ್ತು.

"ಎಣ್ಣೆ ಯಾವ್ದು?" ಎಂದರು ಅತ್ತಿಗೆ.

ಪ್ಯಾಕೆಟ್ ತಂದು ತೋರಿಸಿದೆ. ಅಡುಗೆಮನೆ ಬಾಗಿಲಲ್ಲಿ ಅಮ್ಮ ಸೆರಗಿನ ತುದಿ ಹೊಸೆಯುತ್ತ ನಿಂತಿದ್ದಳು. ಸೊಸೆ ಹೀಗೆ ವಿಚಾರಿಸಿದ್ದಕ್ಕೆ ಸಿಟ್ಟು ಬಂದಿರಬೇಕೆಂದುಕೊಂಡೆ. ಕೇಕ್ ಬೆಂದ ಮೇಲೆ ಮೊದಲ ತುಂಡನ್ನು ಮಗುವಿಗೇ ಕೊಟ್ಟೆ. ಅದು ಉಫ್ ಉಫ್ ಎಂದು ಊದಿ ಬಾಯಿ ತೆರೆಯಿತು.

"ತಿನೊದ್ದೇ!"

ಗಾಬರಿಯಾದರೆ ಅಮ್ಮನಿಗೆ ಬರುವುದು ತೆಲುಗೇ. ತಿನ್ನಬೇಡ ಎಂದು ಕಿರುಚಿಕೊಂಡು ಓಡಿಬಂದವಳೇ ಮಗುವಿನ ಕೈಗೆ ಹೊಡೆದಳು. ತುಂಡು ನೆಲಕ್ಕೆ ಬಿತ್ತು.

"ಟಿನ್ನಿಗೆ ಕಡ್ಲೆಕಾಯಿ ಎಣ್ಣೆ ಸವರಿದೀನಿ ಕಣಮ್ಮ. ಹಿಟ್ಟು ಅಂಟ್ಕೊಳ್ಳುತ್ತೆ ಅಂತ, ಕೈಗೆ ಸಿಕ್ಕಿದ್ದು ಸವರಿಬಿಟ್ಟೆ. ನೀನು ಎಣ್ಣೆ ಕೇಳಿದಾಗ್ಲೇ ಹೊಳೀತು. ಹೇಳೋಕೆ ನಾಲಿಗೆ ಏಳ್ಲಿಲ್ಲ."

ಅತ್ತಿಗೆ ಮಗುವನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ಕೈ, ಬಾಯಿ ಸೋಪು ಹಾಕಿ ತೊಳೆದರು. ಆಮೇಲೆ ನಾವೆಲ್ಲ ಅದರ ತುಟಿಯನ್ನೇ ನೋಡುತ್ತ ಕೂತೆವು. ಅಣ್ಣ ಕಾರಿನ ಕೀ ಹಿಡಿದು ನಿಂತೇ ಇದ್ದ. ಅಮ್ಮ ಗೋಡೆಗೆ ಒರಗಿ ಕುಕ್ಕರಿಸಿದ್ದಳು. ಮಗು ಒಮ್ಮೆ ಕೆಮ್ಮಿದಾಗ ಅತ್ತಿಗೆಯ ಕೈ ಚೀಲಕ್ಕೆ ಹೋಯಿತು. ಬರೀ ಅಳುವಿನ ಕೆಮ್ಮು. ಏನೂ ಆಗಲಿಲ್ಲ.

"ಹೊರಡೋಣ, ನಡಿ" ಎಂದ ಅಣ್ಣ.

ಅತ್ತಿಗೆ ಏಳಲಿಲ್ಲ. ಅಮ್ಮನನ್ನೇ ನೋಡಿದರು. "ಹೋದ್ಸಲ ಅಷ್ಟು ಕೇಳಿದ್ರೂ ನೀವು ಹೇಳ್ಲಿಲ್ಲ."

"ಇಲ್ಲಮ್ಮ. ಎಲ್ರೂ ಬೈತೀರ ಅಂತ ಹೆದರ್ಕೊಂಡೆ. ಮಗು ಏನಾದ್ರೂ..." ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿದ್ದೇ ಕಡಿಮೆ.

ಅತ್ತಿಗೆ ನನ್ನ ಕಡೆ ತಿರುಗಿ, "ಕ್ಯಾರೆಟ್ ಇನ್ನೂ ಇದ್ಯಾ?" ಎಂದರು.

ಕಡಲೆಕಾಯಿ ಎಣ್ಣೆಯ ಡಬ್ಬವನ್ನು ಅಣ್ಣ ಪಕ್ಕದ ಮನೆಗೆ ದಾಟಿಸಿದ. ಅತ್ತಿಗೆ ಓವನ್ ಒರೆಸಿ, ನನ್ನ ಸ್ಟೀಲ್ ಡಬ್ಬಿಗೆ ತುಪ್ಪ ಸವರಿ, ಹಿಟ್ಟನ್ನೂ ತಾವೇ ಕಲಸಿದರು. ಅಮ್ಮ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಬಂದು, ಎರಡೂ ಅಂಗೈ ಚಾಚಿ ತೋರಿಸಿ, "ನಾನು ತುರೀಲಾ?" ಎಂದಳು. ಅತ್ತಿಗೆ ತುರಿಮಣೆ ಅವಳ ಕಡೆ ಸರಿಸಿದರು.

ಆ ಕೇಕಿನ ತಳ ಸೀದಿತ್ತು. ಮೇಲಿನ ಮೆತ್ತನೆಯದನ್ನು ಮಗು ಇನ್ನೂ ಬೇಕೆಂದು ಕೇಳಿ ತಿಂದಿತು. ಅಮ್ಮ ಮಾತ್ರ ಒಂದು ಚೂರೂ ಮುಟ್ಟದೆ ಅದರ ಮುಖವನ್ನೇ ನೋಡುತ್ತಿದ್ದಳು.

ಹೊರಡುವಾಗ ಅತ್ತಿಗೆ, ಮತ್ತೆ ಬರುತ್ತೇವೆ ಎನ್ನಲಿಲ್ಲ. "ನೀವೇ ಕೋಲಾರಕ್ಕೆ ಬನ್ನಿ ಅತ್ತೆ" ಎಂದರು. ಮುಂದಿನ ವಾರವೇ ಅಮ್ಮ ಬಸ್ಸು ಹತ್ತಿದಳು. ತಿನ್ನುವಂಥದ್ದೇನನ್ನೂ ಒಯ್ಯಲಿಲ್ಲ. ಮೊಮ್ಮಗಳಿಗೆಂದು ಬಳೆ ಮಾತ್ರ ಕೊಂಡಿದ್ದಳು.