ಇಳಿಸಪ್ಪ ಮತ್ತು ಅಮ್ಮನ ಮಂಚ

ನಮ್ಮ ಭಾವನಿಗೆ ಜನ ಇಟ್ಟ ಹೆಸರು ಇಳಿಸಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಈಗ ಹಳೆಯ ಸಂಬಳದ ಚೀಟಿಗಳ ಮೇಲಷ್ಟೇ ಉಸಿರಾಡುತ್ತಿದೆ. ಅವರ ಕೆಲಸ ಇದ್ದದ್ದು ಟ್ರೈಲರ್ ಯಾರ್ಡಿನಲ್ಲಿ. ರಜೆ ಬಂದರೆ ಜನ ಕಾರಿನ ಹಿಂದೆ ಪುಟ್ಟದೊಂದು ಮನೆಯನ್ನು ಸಿಕ್ಕಿಸಿಕೊಂಡು ಹೊರಡುತ್ತಾರಲ್ಲ, ಒಳಗೆ ಹಾಸಿಗೆ, ಒಲೆ, ಕೈತೊಳೆಯುವ ಬೋಗುಣಿ ಎಲ್ಲ ಇರುವಂಥದ್ದು, ಅದರ ತಳಭಾಗವೆಲ್ಲ ಭಾವನದು. ಆಕ್ಸಲ್ ಅನ್ನುವ ಗಾಲಿಯ ಅಚ್ಚು, ಸ್ಪ್ರಿಂಗ್, ಗಾಲಿ. ಮೇಲಿನ ಪರದೆ, ಬಣ್ಣ, ಕನ್ನಡಿಯ ಶೋಕಿಗೆ ಬೇರೆಯವರಿದ್ದರು.

ರಜೆಗೆ ಮುಂಚೆ ಗಿರಾಕಿಗಳು ಸಾಮಾನು ತುಂಬಿದ ಟ್ರೈಲರನ್ನು ತಪಾಸಣೆಗೆ ತರುತ್ತಿದ್ದರು. ಭಾವ ಅವರ ಮುಖ ನೋಡುತ್ತಿರಲಿಲ್ಲ, ಟೈರಿನ ಹೊಟ್ಟೆ ನೋಡುತ್ತಿದ್ದರು. ಬಗ್ಗಿ ಸ್ಪ್ರಿಂಗ್ ನೋಡುತ್ತಿದ್ದರು. ಆಮೇಲೆ ಒಂದೇ ಮಾತು.

"ಇಳಿಸಿ."

"ಏನು ಇಳಿಸೋದು?"

"ನಿಮ್ಮಿಷ್ಟ. ಇನ್ನೂರು ಕಿಲೋ ಜಾಸ್ತಿ ಇದೆ."

"ಆಕ್ಸಲ್ ಎರಡು ಸಾವಿರ ಕಿಲೋ ತಡೆಯುತ್ತೆ ಅಂತ ಇಲ್ಲೇ ಬರೆದಿದೆಯಲ್ಲ!"

"ಆಕ್ಸಲ್ ತಡೆಯುತ್ತೆ. ಸ್ಪ್ರಿಂಗ್ ತಡೀಬೇಕಲ್ಲ? ಟೈರ್ ತಡೀಬೇಕಲ್ಲ? ಮೂರರಲ್ಲಿ ಯಾವುದು ಬಡಪಾಯಿನೋ, ಅದರ ಲೆಕ್ಕನೇ ಇಡೀ ಗಾಡಿ ಲೆಕ್ಕ."

ಗಂಡನ ಮೀನು ಹಿಡಿಯುವ ಸಾಮಾನು ಇಳಿಯಬೇಕೋ, ಹೆಂಡತಿಯ ಇಸ್ತ್ರಿ ಮೇಜು ಇಳಿಯಬೇಕೋ ಎಂದು ಎಷ್ಟೋ ಸಂಸಾರಗಳು ಆ ಯಾರ್ಡಿನ ಅಂಗಳದಲ್ಲೇ ಕಿತ್ತಾಡಿವೆ. ಭಾವ ಮಧ್ಯೆ ಬಾಯಿ ಹಾಕಿದವರಲ್ಲ. ಕೈಮುಗಿದರೂ ಬೈದರೂ ಒಂದು ಕಿಲೋ ಹೆಚ್ಚುಕಡಿಮೆ ಹೇಳಿದವರೂ ಅಲ್ಲ. ನೆಂಟರ ಮದುವೆ ಬಂತೆಂದರೆ "ಯಾಕೋ ತಲೆನೋವು" ಎಂದು ಸಲೀಸಾಗಿ ಸುಳ್ಳು ಹೇಳುವ ಮನುಷ್ಯನಿಗೆ ತೂಕದ ವಿಷಯದಲ್ಲಿ ಮಾತ್ರ ಸುಳ್ಳಿಗೆ ನಾಲಿಗೆಯೇ ಹೊರಳುವುದಿಲ್ಲ. ಅವರ ಈ ಒಂದು ಗುಣವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಉಳಿದವುಗಳ ಬಗ್ಗೆ ಅಕ್ಕನನ್ನೇ ಕೇಳಬೇಕು.

ನಮ್ಮಮ್ಮನಿಗೂ ಭಾವನಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಸಂಬಂಧ ನೋಡಲೆಂದು ಅಮ್ಮ ಮೊದಲ ಸಲ ಯಾರ್ಡಿಗೆ ಹೋದಾಗ ಭಾವ ಒಂದು ಟ್ರೈಲರಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದರು. ಕೈಯಲ್ಲಿದ್ದ ಕೆಲಸ ಮುಗಿಸದೆ ಏಳುವ ಪೈಕಿ ಅಲ್ಲ. ಅಮ್ಮ ಕಾದು ಕಾದು ವಾಪಸ್ ಬಂದು, ತುಂಬಿದ ಮನೆಯಲ್ಲಿ, "ಹುಡುಗನ ಕಾಲು ನೋಡಿದೆ. ಪರವಾಗಿಲ್ಲ. ಮುಖ ಇನ್ನೊಂದು ಸಲ ನೋಡೋಣ" ಎಂದಳು. ಮದುವೆಯಾಗಿ ಎಷ್ಟು ವರ್ಷವಾದರೂ ಅವರು ಅವಳಿಗೆ "ಗಾಡಿ ಕೆಳಗಿನ ಅಳಿಯ". ಅವಳು ಅಕ್ಕನ ಮನೆಗೆ ಬಂದರೆ ಸಾಕು, ಭಾವನಿಗೆ ರಜಾದಿನವೂ ಯಾರ್ಡಿನಲ್ಲಿ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ನಿವೃತ್ತಿ ಹತ್ತಿರ ಬಂದಾಗ ಭಾವ, ಮಾಲೀಕರು ಮೂಲೆಗೆ ತಳ್ಳಿದ್ದ ಹಳೆಯ ಟ್ರೈಲರೊಂದನ್ನು ತೆಗೆದುಕೊಂಡು ತಮಗಾಗಿ ಕಟ್ಟತೊಡಗಿದರು. ಅಕ್ಕನಿಗೆ ಆಸೆ ಒಂದೇ. ಅಮ್ಮ ಜೀವಮಾನದಲ್ಲಿ ಸಮುದ್ರ ನೋಡಿದವಳಲ್ಲ. ಅವಳ ಕಣ್ಣು ಪೂರ್ತಿ ಮಂಜಾಗುವ ಮುಂಚೆ ಒಮ್ಮೆ ತೋರಿಸಬೇಕು. ತೊಡಕು ಅಮ್ಮನ ಬೆನ್ನಿನದು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದ ಅವಳ ಕಬ್ಬಿಣದ ಮಂಚ ಬಿಟ್ಟು ಬೇರೆಲ್ಲಿ ಮಲಗಿದರೂ ಬೆಳಿಗ್ಗೆ ಅವಳನ್ನು ಎಬ್ಬಿಸಲು ಇಬ್ಬರು ಬೇಕು.

"ಅಮ್ಮ ಕಾರಲ್ಲಿ ನಮ್ಮ ಜೊತೆ ಕೂತ್ಕೋತಾಳೆ ರೀ. ಮಂಚ, ಗಾಲಿಕುರ್ಚಿ ಟ್ರೈಲರಲ್ಲಿ ಹಾಕ್ಕೊಂಡ್ರೆ ಆಯ್ತು" ಎಂದಳು ಅಕ್ಕ, ನನ್ನ ಎದುರಿಗೇ.

"ಮಂಚ ಭಾರ ಕಣೆ" ಎಂದರು ಭಾವ. "ಟ್ರೈಲರ್ ಅಂದ್ರೆ ಲಾರಿ ಅಲ್ಲ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅತ್ತೆ ಬೇಡ ಅಂದರೆ ಜಗಳವಾಗುತ್ತದೆ. ಭಾರ ಅಂದರೆ ಅದು ವಿಜ್ಞಾನ. ಇಳಿಸಪ್ಪನ ಹೆಂಡತಿಯಾಗಿ ಅಕ್ಕ ತೂಕದ ಮಾತಿಗೆ ಎದುರಾಡುವುದುಂಟೇ? ಎಷ್ಟು ಭಾರ ಎಂದು ಅವಳು ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಅವಳು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು. ನನಗೆ ಮೈಯೆಲ್ಲ ಉರಿಯಿತು.

ಅತ್ತ ಭಾವನಿಗೆ ಬೇರೆಯದೇ ಭಯ. ಇಳಿಸಪ್ಪನ ಗಾಡಿ ದಾರಿಯಲ್ಲಿ ಕೂತಿತು ಅಂದರೆ, ಅವರಿಂದ ಇಳಿಸಿಕೊಂಡವರೆಲ್ಲ ಹಬ್ಬ ಮಾಡುತ್ತಾರೆ. ಅದಕ್ಕೆ ದಪ್ಪ ಆಕ್ಸಲ್ ಹಾಕಿದರು. ಅದಕ್ಕೆ ತಕ್ಕ ಟೈರು. ಕುದುರೆ ಸಾಗಿಸುವ ಟ್ರೈಲರಿಗೆ ಬರುವ ಸ್ಪ್ರಿಂಗನ್ನೇ ತಂದು ಕೂರಿಸಿದರು. ಕಂಡವರ ಗಾಡಿಗೆ ತಕ್ಕಷ್ಟು, ತಮ್ಮ ಗಾಡಿಗೆ ಮಿಕ್ಕುವಷ್ಟು. ಅಷ್ಟು ಸಾಲದೆಂದು ಒಳಗಿನ ಸಾಮಾನೂ ಇಳಿಸಿದರು. ಅಕ್ಕನ ಹೊಲಿಗೆ ಯಂತ್ರ ಹೋಯಿತು, ಸ್ಟೀಲ್ ತಟ್ಟೆ ಹೋಗಿ ಪ್ಲಾಸ್ಟಿಕ್ ಬಂತು, ಹಾಸಿಗೆ ಚಾಪೆಯಷ್ಟು ತೆಳ್ಳಗಾಯಿತು.

ಪಕ್ಕದ ಊರಿನವರೆಗೆ ಹೋಗಿ ಬರೋಣವೆಂದು ಒಂದು ದಿನ ಗಾಡಿ ಹೊರಟಿತು. ನಾನೂ ಹಿಂದಿನ ಸೀಟಿನಲ್ಲಿದ್ದೆ. ಯಾರ್ಡಿಗೆ ಮರಳಿ ಭಾವ ಟ್ರೈಲರಿನ ಬಾಗಿಲು ತೆಗೆದರೆ, ಒಳಗೆ ಕಪಾಟಿನ ಬಾಗಿಲು ಒಂದೇ ತಿರುಗಣಿಯಲ್ಲಿ ನೇತಾಡುತ್ತಿದೆ, ಒಲೆಯ ಗಾಜಿನ ಮುಚ್ಚಳ ಪುಡಿಪುಡಿ, ನಲ್ಲಿ ಬುಡಸಮೇತ ಕಿತ್ತು ಬಂದು ಹಾಸಿಗೆಯ ಮೇಲೆ ಮಲಗಿದೆ.

"ರಸ್ತೆ ಸರಿ ಇಲ್ಲ" ಎಂದರು ಭಾವ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಯಾರ್ಡಿನ ಮಾಲೀಕರು ಬಂದು ಇಣುಕಿದರು. ಹಿಂಭಾಗದ ಕಬ್ಬಿಣದ ಪಟ್ಟಿಯ ಮೇಲೆ ಹತ್ತಿ ನಿಂತು ಎರಡು ಸಲ ಕುಪ್ಪಳಿಸಿದರು. ಸಣ್ಣ ಆಳಲ್ಲ ಅವರು. ಗಾಡಿ ಜಪ್ಪಯ್ಯ ಅನ್ನಲಿಲ್ಲ.

"ಏನಯ್ಯಾ, ಆನೆ ಸಾಗಿಸ್ತೀಯಾ ಇದರಲ್ಲಿ? ಸ್ಪ್ರಿಂಗ್ ಬಗ್ಗೋದೇ ಇಲ್ವಲ್ಲ. ಗುಂಡಿಗೆ ಬಿದ್ದ ಪೆಟ್ಟೆಲ್ಲಾ ಸೀದಾ ಮನೆಗೇ. ಊರಿಗೆಲ್ಲಾ ಹೇಳೋನು ನೀನು, ನಿನಗೆ ನಾನು ಹೇಳಬೇಕಾ? ಒಂದೋ ಸ್ಪ್ರಿಂಗ್ ಬದಲಿಸು, ಇಲ್ಲಾ ಭಾರ ಹಾಕು."

"ಬದಲಿಸ್ತೀನಿ, ಬದಲಿಸ್ತೀನಿ" ಎಂದರು ಭಾವ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಷ್ಟೇ ಅವಸರವಾಗಿ.

ಗಾಜಿನ ಚೂರು ಆರಿಸುತ್ತಿದ್ದ ಅಕ್ಕ ಎದ್ದು ನಿಂತಳು.

"ಒಂದು ನಿಮಿಷ ರೀ. ಇದರಲ್ಲಿ ಇನ್ನೂ ಎಷ್ಟು ಭಾರ ಹಾಕಬಹುದು?"

ಭಾವ ಅರಿವೆ ತೆಗೆದುಕೊಂಡು, ಆಗಲೇ ಒರೆಸಿದ್ದ ಕೈಯನ್ನು ಮತ್ತೆ ಒರೆಸಿದರು. ತಲೆನೋವು ಬಂತು ಅನ್ನುತ್ತಾರೆ ಎಂದು ನಾನು ಕಾದೆ. ಮಾಲೀಕರಿದ್ದರು, ಕೆಲಸದವರಿದ್ದರು. ಅಕ್ಕ ಕಣ್ಣು ಕದಲಿಸಲಿಲ್ಲ.

"ಆರುನೂರು ಕಿಲೋ" ಎಂದರು, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು.

"ಅಮ್ಮನ ಮಂಚ?"

"ಎಪ್ಪತ್ತು."

"ಗಾಲಿಕುರ್ಚಿ?"

"ಹದಿನೆಂಟು."

ಕೇಳಿದ ತಕ್ಷಣ ಬಂತು ಉತ್ತರ. ಅಂದರೆ ಆವತ್ತೇ ಲೆಕ್ಕ ಹಾಕಿಟ್ಟುಕೊಂಡಿದ್ದರು, ಮಹಾನುಭಾವರು.

ಅಕ್ಕ ಕೂಗಾಡಲಿಲ್ಲ. "ಹಾಗಾದ್ರೆ ಏರಿಸಿ" ಎಂದಳು. ಯಾರ್ಡಿನವರೆಲ್ಲ ನಕ್ಕುಬಿಟ್ಟರು. ಅವಳು ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

ಮಂಚ ಏರಿತು. ಭಾವ ಅದನ್ನು ಸರಿಯಾಗಿ ಆಕ್ಸಲಿನ ಮೇಲೆ ಬರುವಂತೆ ಕೂರಿಸಿ, ನೆಲಕ್ಕೆ ಬೋಲ್ಟ್ ಹಾಕಿ ಬಿಗಿದರು. ಹೊಲಿಗೆ ಯಂತ್ರ ವಾಪಸ್ ಬಂತು, ಸ್ಟೀಲ್ ತಟ್ಟೆ ಬಂತು, ನಮ್ಮ ಮನೆಯ ಹಳೆಯ ಟ್ರಂಕೂ ಹತ್ತಿತು. ಹೊರಡುವ ದಿನ ಅಮ್ಮ ಕಾರಿನಲ್ಲಿ ಮುಂದಿನ ಸೀಟೇ ಬೇಕೆಂದು ಹಟ ಹಿಡಿದು ಗೆದ್ದಳು. ನಾನು ಹೋಗಲಿಲ್ಲ. ಹತ್ತು ದಿನ ಅಮ್ಮನ ಕೂಗಿಲ್ಲದೆ ನಿದ್ದೆ ಮಾಡುವುದೇ ನನಗೆ ಸಮುದ್ರ.

ಮುಂದಿನದು ಅಕ್ಕ ಹೇಳಿದ್ದು. ಗಾಡಿ ಒಂದು ಲೋಟವನ್ನೂ ಕುಲುಕದೆ ಓಡಿತಂತೆ. ಸಮುದ್ರದ ಎದುರು ನಿಲ್ಲಿಸಿ ಬಾಗಿಲು ತೆರೆದಿಟ್ಟರೆ, ಅಮ್ಮ ತನ್ನ ಮಂಚದ ಮೇಲೆ ಒರಗಿಕೊಂಡು ಸಂಜೆಯವರೆಗೆ ಅಲೆ ನೋಡಿದಳಂತೆ. ಆಮೇಲೆ ಅಕ್ಕನಿಗೆ ಹೇಳಿದಳಂತೆ: "ನೋಡೇ, ನನ್ನ ಮಂಚಕ್ಕೆ ಅಂತಲೇ ಅಳಿಯ ಇಷ್ಟು ಗಟ್ಟಿಯಾಗಿ ಕಟ್ಟಿದಾನೆ. ಬಾಯಿಬಿಟ್ಟು ಹೇಳೋನಲ್ಲ, ಅಷ್ಟೇ. ನಾನೇ ಅವನನ್ನ ತಪ್ಪು ತಿಳ್ಕೊಂಡಿದ್ದೆ."

ಭಾವ ಆಗ ಗಾಡಿಯ ಕೆಳಗೆ ನಟ್ಟು ನೋಡುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು. ಅವು ಅಲ್ಲಾಡಲಿಲ್ಲ. ಕತ್ತಲಾಗಿ, ಅಕ್ಕ ಊಟಕ್ಕೆ ಮೂರನೇ ಸಲ ಕರೆದ ಮೇಲೆ ಅವರು ಹೊರಗೆ ಬಂದರಂತೆ. ಆಮೇಲೆ ಅಮ್ಮನ ಕಾಲಿಗೆ ಕಂಬಳಿ ಹೊದಿಸಿದರಂತೆ.

ಮುಂದಿನ ರಜೆ ಬರುವ ಮುಂಚೆಯೇ ಅಮ್ಮ ತೀರಿಕೊಂಡಳು. ಈಗ ಭಾವನಿಗೆ ನಿವೃತ್ತಿಯಾಗಿದೆ. ಮೊನ್ನೆ ಅವರಿಬ್ಬರೂ ಮತ್ತೆ ಸಮುದ್ರಕ್ಕೆ ಹೊರಟಿದ್ದರು. ಭಾವ ಗಾಡಿಯನ್ನು ಯಾರ್ಡಿನಲ್ಲಿ ನಿಲ್ಲಿಸಿಕೊಂಡು ಕೆಳಗೆ ನುಸುಳಿದ್ದರು. ನಾನು ಬುತ್ತಿ ಕೊಡಲು ಹೋಗಿದ್ದೆ. ಮಾಲೀಕರು ಬಾಗಿಲಲ್ಲಿ ಇಣುಕಿ, ಮಂಚ ನೋಡಿ, ಆ ಎರಡು ಕಾಲುಗಳ ಹತ್ತಿರ ಬಗ್ಗಿದರು.

"ಇದನ್ನ ಯಾಕಯ್ಯಾ ಇನ್ನೂ ಹೊತ್ಕೊಂಡು ತಿರುಗ್ತೀಯಾ? ಹಗುರದ ಸ್ಪ್ರಿಂಗ್ ಹಾಕಿಸಿಕೊಡ್ತೀನಿ, ಅರ್ಧ ದಿನದ ಕೆಲಸ. ಮಂಚ ಇಳಿಸು."

ನಟ್ಟು ಬಿಗಿಯುವ ಪಾನಾ ಇನ್ನೊಂದು ಸುತ್ತು ತಿರುಗಿತು.

"ಇರ್ಲಿ ಬಿಡಿ" ಎಂದಿತು ಗಾಡಿಯ ಕೆಳಗಿನ ದನಿ. "ಎಪ್ಪತ್ತು ಕಿಲೋ ಏನು ಮಹಾ ಭಾರ?"