ವೇಲ್ಸಿನ ಕಲ್ಲಿಗೆ ಅರಿಶಿನ

ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಆಫೀಸಿನಲ್ಲೆಲ್ಲ ವೈಟುಕೆ ಗಲಾಟೆ ನಡೆದಿದ್ದ ಕಾಲ. ನಾನಿದ್ದ ಪರದೇಶದ ಊರು ಕೆಂಡಲ್ ಪಾರ್ಕಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ವೇಲ್ಸ್‌ನವಳು. ಪಾಳುಬಿದ್ದ ಕೋಟೆಯ ಬುಡದಲ್ಲಿದ್ದ ತನ್ನ ಹಳ್ಳಿಯ ಚರಿತ್ರೆಯನ್ನು ಬೇಲಿಯಾಚೆಯಿಂದಲೇ ನನಗೆ ಕಂತುಕಂತಾಗಿ ಹೇಳುತ್ತಿದ್ದಳು. ರಾಜರ ಗೊಡವೆ ಅವಳಿಗಿರಲಿಲ್ಲ. ಕೋಟೆ ಬಿದ್ದ ಮೇಲೆ ಊರಲ್ಲಿ ಯಾರು ಯಾವ ಕಲ್ಲು ಹೊತ್ತೊಯ್ದು ಎಲ್ಲಿ ಗೋಡೆ ಕಟ್ಟಿದರು ಎಂಬುದೇ ಅವಳ ಚರಿತ್ರೆ. ನನಗಂತೂ ಅದು ಹಬ್ಬದೂಟ.

ಒಂದು ಶನಿವಾರ ಲೈಬ್ರರಿಯಲ್ಲಿ ಅವಳ ಭಾಷಣ. ಅದಕ್ಕಾಗಿ ಚಳಿಗಾಲವಿಡೀ ತಯಾರಿ ನಡೆಸಿದ್ದಳು. ಜನರಿಗೆ ತೋರಿಸಲೆಂದು, ತನ್ನ ಅಜ್ಜನ ಹಂದಿಗೂಡಿನಿಂದ ತಂದಿದ್ದ ಕೋಟೆಯ ಕಲ್ಲೊಂದನ್ನು ತೊಳೆದು, ಮನೆ ಮುಂದಿನ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದಳು. ಹಳ್ಳಿಯದೆಂದು ಅವಳ ಬಳಿ ಉಳಿದಿದ್ದದ್ದು ಅದೊಂದೇ.

ಆಗ ನನ್ನ ಅವ್ವ ಊರಿನಿಂದ ಬಂದಿದ್ದಳು. ಆ ಶನಿವಾರ ಬೆಳಿಗ್ಗೆ ವಾಕಿಂಗ್ ಹೋದವಳು ಖುಷಿಯಿಂದ ಮರಳಿದಳು.

"ಪಾಪ, ಮುದುಕಿ ದೇವರಿಗೆ ಜಳಕ ಮಾಡಿಸಿ ಹಂಗs ಬಿಟ್ಟಾಳ. ನಾನs ಅರಿಶಿಣ ಕುಂಕುಮ ಹಚ್ಚಿ ಬಂದೆ."

ಸೋಪು ಹಿಡಿದು ಓಡಿದೆ. ಅರಿಶಿನ ಬಿಡುವ ಜಾತಿಯೇ? ಉಜ್ಜಿದಷ್ಟೂ ಹಳದಿ ಹರಡಿತು. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದಳು.

ಅವ್ವನನ್ನು ಕೂರಿಸಿಕೊಂಡು ನಾನೂ ಹಿಂದೆಯೇ ಡ್ರೈವ್ ಮಾಡಿದೆ. ವಿಷಯ ತಿಳಿದ ಅವ್ವ ದಾರಿಯುದ್ದಕ್ಕೂ ಬೆರಳಿಗಂಟಿದ ಅರಿಶಿನವನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. ಅವಳ ಮುಖ ನೋಡಿ ನನಗೆ ಅಳು ಬರುವಂತಾಯಿತು.

ಭಾಷಣದ ಕೊನೆಗೆ ಅಜ್ಜಿ ಟವೆಲು ಬಿಚ್ಚಿ ಆ ಹಳದಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ಇದು ಮೊದಲು ಕೋಟೆಯಲ್ಲಿತ್ತು, ಆಮೇಲೆ ನಮ್ಮಜ್ಜನ ಹಂದಿಗೂಡಿನಲ್ಲಿ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ತಾಯಿ ಇದನ್ನು ದೇವರು ಮಾಡಿದರು. ನಮ್ಮ ಹಳ್ಳಿಗೆ ಇಷ್ಟು ಮರ್ಯಾದೆ ಹಿಂದೆ ಯಾರೂ ಕೊಟ್ಟಿರಲಿಲ್ಲ," ಎಂದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ನನಗೆ ಹೋದ ಜೀವ ಬಂದಂತಾಯಿತು.

ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಹಂದಿಗೂಡೆಂದಾಗ ಅವ್ವ ಮುಖ ಸಿಂಡರಿಸಿ, ಮರುಕ್ಷಣ ತಾನೂ ನಕ್ಕಳು. ಆಮೇಲೆ ಸೀದಾ ಅಜ್ಜಿಯ ಬಳಿ ಹೋಗಿ, ಅವಳ ಕೈ ಹಿಡಿದು, ನನ್ನ ಕಡೆ ತಿರುಗಿದಳು.

"ನಮ್ಮೂರ ಗುಡ್ಡದ ಮ್ಯಾಲೂ ಕೋಟಿ ಬಿದ್ದೈತಿ ಅಂತ ಹೇಳು. ನಮ್ಮನಿ ಬಟ್ಟಿ ಒಗಿಯೋ ಕಲ್ಲು ಅಲ್ಲೀದs. ನಿನ್ನ ಅಜ್ಜನs ಕದ್ದ ತಂದಿದ್ದ."

ನಾನು ಇಂಗ್ಲಿಷಿನಲ್ಲಿ ಹೇಳತೊಡಗಿ ಅರ್ಧಕ್ಕೇ ನಿಂತೆ. ಆ ಕಲ್ಲಿನ ಮೇಲೆ ಆಡಿ ಬೆಳೆದವರು ನಾವು. ಈ ಸುದ್ದಿಯನ್ನು ಅವ್ವ ನನಗೆ ಒಂದು ದಿನವೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.