ದಿವಾಕರನ್ ಅವರ ಅಪ್ಪನ ಮದ್ದು

ನನ್ನ ಗಂಡ ಅಚ್ಯುತ ಹಾಲಿನ ಪ್ಯಾಕೆಟ್ಟನ್ನು ಮೂಸಿ ನೋಡದೆ ಒಲೆಗಿಡಲು ಬಿಡುವವರಲ್ಲ. ಬೀಗ ಹಾಕಿ ನಾಲ್ಕು ಸಲ ಎಳೆಯುತ್ತಾರೆ. ಆಟೋದವನು ಬೇರೆ ದಾರಿ ಹಿಡಿದರೆ ನಂಬರ್ ಬರೆದುಕೊಳ್ಳುತ್ತಾರೆ. ತಿರುವನಂತಪುರದ ಒಂದು ಬಾಹ್ಯಾಕಾಶ ಸಂಸ್ಥೆಯ ಉಗ್ರಾಣದಲ್ಲಿ ಹದಿನೆಂಟು ವರ್ಷ ಅವರ ಕೆಲಸವೇ ಅದು. ಬಂದ ಪೆಟ್ಟಿಗೆ ಬಿಚ್ಚುವುದು, ಹೊರಗೆ ಬರೆದದ್ದೇ ಒಳಗಿದೆಯೋ ನೋಡುವುದು. ಆ ಚಾಳಿ ಮನೆಗೂ ಬಂದರೆ ಹೆಂಡತಿಯಾದವಳು ಬಾಳುವುದು ಹೇಗೆ ಹೇಳಿ.

ಅಲ್ಲಿದ್ದಾಗ ಒಮ್ಮೆ ಇವರ ಉಂಗುರ ಕಾಣದಾಯಿತು. ಆರು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿದ್ದ ಸುಬ್ಬಲಕ್ಷ್ಮಿಯನ್ನು ಎದುರು ನಿಲ್ಲಿಸಿ ಕೇಳಿದರು. ಅವಳು ಸೆರಗು ಕೊಡವಿ ತೋರಿಸಿ ಹೋದಳು. ಮರುದಿನ ಉಂಗುರ ಇವರ ಶೇವಿಂಗ್ ಡಬ್ಬಿಯಲ್ಲೇ ಸಿಕ್ಕಿತು. ನಾನು ಅವಳ ಮನೆಯ ತನಕ ಹೋಗಿ ಕೈಮುಗಿದರೂ ಅವಳು ಬರಲಿಲ್ಲ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವತ್ತು ಹೇಳಿಬಿಟ್ಟೆ: "ಇನ್ನೊಂದು ಸಲ ಯಾರ ಮೇಲಾದರೂ ಹೀಗೆ ಅನುಮಾನ ಮಾಡಿದ್ರೆ ನಾನು ಮಗಳನ್ನು ಕರ್ಕೊಂಡು ಪುತ್ತೂರಿಗೆ, ಅಮ್ಮನ ಮನೆಗೆ ಹೋಗ್ತೇನೆ. ಮತ್ತೆ ಬರುದಿಲ್ಲ." ಇವರು ದೇವರ ದೀಪ ಮುಟ್ಟಿ ಮಾತು ಕೊಟ್ಟರು.

ಮರುವರ್ಷ ಕಾಕ್ಕನಾಡಿನ ಕಚೇರಿಗೆ ವರ್ಗವಾಯಿತು. ಹತ್ತಿರದ ಕಲೂರಿನಲ್ಲಿ ಒಂದು ಹಳೆಯ ತಾರಸಿ ಮನೆ ಬಾಡಿಗೆಗೆ ಸಿಕ್ಕಿತು. ಮಾಲೀಕ ದಿವಾಕರನ್ ಏಲೂರಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವವರು, ಮೆಲುದನಿಯ ಮನುಷ್ಯ. ಕೀಲಿಕೈ ಕೊಡುವಾಗ ಅಡುಗೆಮನೆಯ ಅಟ್ಟದಲ್ಲಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ತೋರಿಸಿ, "ಅದ್ ಅಚ್ಛನ್ಟೆ ಮರುನ್ನಾಣ್ ಚೇಚಿ, ತೊಡಂಡ" ಎಂದರು. ಚೇಚಿ ಎಂದರೆ ಅಕ್ಕ, ಅಂದರೆ ನಾನು.

ಮಲಯಾಳಂ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಇವರ ಕಡೆ ತಿರುಗಿ, "ಅವರ ಅಪ್ಪನ ಮದ್ದಂತೆ, ಮುಟ್ಟಬೇಡಿ ಅಂತ ಹೇಳ್ತಾರೆ" ಎಂದೆ. ಅವರ ಮರುನ್ನೇ ನಮ್ಮ ಮದ್ದು, ನಮ್ಮ ಪುತ್ತೂರಿನಲ್ಲಿ ಔಷಧಿಗೆ ಮದ್ದು ಎಂದೇ ಹೇಳುವುದು.

ದಿವಾಕರನ್ ಗೇಟು ದಾಟುವವರೆಗೆ ಇವರು ತಡೆದುಕೊಂಡಿದ್ದರು. "ಅಪ್ಪ ಸತ್ತು ಎರಡು ವರ್ಷ ಆಯ್ತು ಅಂದನಲ್ಲ. ಸತ್ತವರಿಗೆ ಮದ್ದು ಎಂತಕ್ಕೆ? ಅದೂ ಡ್ರಮ್ಮಿನಲ್ಲಿ? ಏಲೂರಿಂದ ಎಂತ ತಂದು ಇಟ್ಟಿದ್ದಾನೋ."

"ಶುರುವಾಯ್ತಾ?" ಎಂದೆ ನಾನು. "ಆಯುರ್ವೇದದ ಚೂರ್ಣ ಇರ್ಬೇಕು. ಅಪ್ಪನ ನೆನಪಿಗೆ ಇಟ್ಕೊಂಡಿದ್ದಾರೆ. ನಿಮ್ಮ ಮಾತು ನೆನಪುಂಟಲ್ಲ?"

ಅವರು ಬಾಯಿ ಮುಚ್ಚಿದರು. ಆದರೆ ಕಣ್ಣು ಮುಚ್ಚಲಿಲ್ಲ. ಊಟಕ್ಕೆ ಕುಳಿತರೆ ನೋಟ ಅಟ್ಟದ ಕಡೆಗೆ. ಅದರ ಕೆಳಗಿನ ಗೂಡಿನಲ್ಲೇ ನಾನು ದೇವರ ಪಟ ಇಟ್ಟು ಸಂಜೆ ದೀಪ ಹಚ್ಚುತ್ತಿದ್ದೆ. "ದೀಪ ಹಾಲ್‌ನಲ್ಲಿ ಇಡುವ" ಎಂದರು ಒಮ್ಮೆ. ಯಾಕೆಂದು ಕೇಳಿದರೆ, "ಸುಮ್ಮನೆ" ಎಂದರು. ಮಗಳು ಸಮೀಕ್ಷಾಳ ಓದುವ ಮೇಜನ್ನು ಅಲ್ಲಿಂದ ಸರಿಸಿದರು, ನಾನು ಮತ್ತೆ ತಂದಿಟ್ಟೆ. ಹಟಕ್ಕೆ ಹಟ. ಈ ಮನುಷ್ಯ ಒಬ್ಬ ಸಂಭಾವಿತರ ಸತ್ತ ಅಪ್ಪನನ್ನೂ ಬಿಡುವುದಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯ ತಿಂಗಳಿಗೆ ಇಲಿ ಡ್ರಮ್ಮಿನ ಅಂಚು ಕಡಿದಿರಬೇಕು, ದೇವರ ಗೂಡಿನ ಪಕ್ಕ ಕಪ್ಪು ಬೂದು ಬಣ್ಣದ ಪುಡಿ ಉದುರತೊಡಗಿತು. ಗಂಧಕದ ವಾಸನೆ. ಕಜ್ಜಿಗೆ ಗಂಧಕ ಹಚ್ಚುವುದನ್ನು ಚಿಕ್ಕಂದಿನಲ್ಲಿ ನೋಡಿದವಳು ನಾನು. ಮದ್ದೇ ಎಂದು ಗಟ್ಟಿಯಾಯಿತು. ಹಾಳು ಮಾಡುವುದೇಕೆ ಎಂದು ಗೋರಿ ತೆಗೆದು, ಎಳ್ಳೆಣ್ಣೆಯಲ್ಲಿ ಕಲಸಿ, ಮೊಣಕಾಲು ನೋವಿಗೆ ಹಚ್ಚಿಕೊಂಡೆ. ನಾಲ್ಕು ದಿನ, ಇವರಿಗೆ ತಿಳಿಯದ ಹಾಗೆ. ನೋವೂ ಕಡಿಮೆಯಾದ ಹಾಗಿತ್ತು.

ಐದನೆಯ ಸಂಜೆ ದೀಪ ಹಚ್ಚಿ ತಿರುಗುವಾಗ ಇವರು ಬಂದವರೇ ಮೂಗು ಅರಳಿಸಿದರು. ನನ್ನ ಕಾಲ ಬಳಿ ಬಗ್ಗಿ ಮೂಸಿದರು.

"ದಿವಾಕರನ್‌ಗೆ ಒಂದು ಫೋನ್ ಮಾಡ್ಲಾ ಶಾಂತಾ? ಅನುಮಾನ ಅಲ್ಲ. ಒಂದು ಪ್ರಶ್ನೆ ಅಷ್ಟೆ."

"ಮಾಡಿ. ಮಾನ ಕಳೀರಿ."

ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಬಹಳ ಮರ್ಯಾದೆಯಿಂದ ಕೇಳಿದರು: ನಿಮ್ಮ ತಂದೆಯವರಿಗೆ ಯಾವ ಕಾಯಿಲೆ ಇತ್ತು?

"ಅಚ್ಛನಿಗಾ? ಯಾವ ಕಾಯಿಲೆಯೂ ಇರಲಿಲ್ಲ ಸಾರ್" ಎಂದರು ದಿವಾಕರನ್ ತಮ್ಮ ಮಲಯಾಳಂನಲ್ಲಿ. "ಎಂಬತ್ತು ದಾಟಿದ ಮೇಲೂ ದೇವಸ್ಥಾನದ ಉತ್ಸವಕ್ಕೆ ಕದಿನ ತುಂಬಿಸುತ್ತಿದ್ದರು. ಆ ಮರುನ್ನೇ ಮೇಲಿರುವುದು. ಚೇಚಿಗೆ ಹೇಳಿದ್ದೆನಲ್ಲ, ತಲೆಯಾಡಿಸಿದರು."

ಕದಿನ ಎಂದರೆ ನಮ್ಮ ದೇವಸ್ಥಾನಗಳಲ್ಲಿ ಸಿಡಿಮದ್ದು ತುಂಬಿ ಹೊಡೆಯುವ ಗರ್ನಾಲು. ಆ ಮನೆಯಲ್ಲಿ ಮರುನ್ನು ಎಂದರೆ ಅದೊಂದೇ. ಮದ್ದಿನ ಮನೆ, ಮದ್ದುಗುಂಡು ಎಂದು ನಾನೂ ಹೇಳುತ್ತಲೇ ಬೆಳೆದವಳು. ಆದರೂ ನನಗೆ ಹೊಳೆದದ್ದು ಕಷಾಯ, ಚೂರ್ಣ ಮಾತ್ರ.

ಪುಸ್ತಕದಿಂದ ತಲೆಯೆತ್ತಿ ಸಮೀಕ್ಷಾ, "ಅಮ್ಮೇ, ವೆಡಿಮರುನ್ನ್, ಸಿಡಿಮದ್ದು" ಎಂದಳು. ಅವಳ ತಲೆಗೂ ದೀಪಕ್ಕೂ ಒಂದು ಗೇಣು.

ಇವರು ಕೂಗಲಿಲ್ಲ. ಒದ್ದೆ ಟವೆಲನ್ನು ದೀಪದ ಮೇಲೆ ಹಾಕಿ ಅದುಮಿದರು, ಗ್ಯಾಸ್ ಬಂದ್ ಮಾಡಿದರು. "ಸ್ವಿಚ್ ಮುಟ್ಬೇಡ" ಎಂದು ಇಬ್ಬರನ್ನೂ ರಸ್ತೆಗೆ ನಡೆಸಿದರು. ಮದ್ದು ಹಚ್ಚಿದ ಕಾಲಲ್ಲೇ ನಾನು ರಸ್ತೆಗೆ ಇಳಿದೆ.

ಅಗ್ನಿಶಾಮಕದವರು ಬಂದು ಡ್ರಮ್ಮಿಗೆ ನೀರು ತುಂಬಿಸಿ ಇಳಿಸಿದರು. ಪೊಲೀಸರೂ ಬಂದರು. ಇವರ ಗುರುತಿನ ಚೀಟಿ ನೋಡಿದ ಇನ್‌ಸ್ಪೆಕ್ಟರ್ ಅದನ್ನು ತಿರುಗಿಸಿ ಮತ್ತೊಮ್ಮೆ ನೋಡಿದ. ಬಾಹ್ಯಾಕಾಶ ಸಂಸ್ಥೆಯೋ? ಉಗ್ರಾಣವೋ? ಅಡುಗೆಮನೆಯಲ್ಲಿ ಇದೋ? ಕಾಂಪೌಂಡಿನ ಮೇಲಿಂದ ಅಕ್ಕಪಕ್ಕದವರು ಇಣುಕುತ್ತಿದ್ದರು. ಅಂದು ಸುಬ್ಬಲಕ್ಷ್ಮಿ ಇವರೆದುರು ನಿಂತಿದ್ದ ಹಾಗೆಯೇ ಇವರು ಕೈ ಕೆಳಗಿಟ್ಟು ನಿಂತಿದ್ದರು.

"ಮೂರು ತಿಂಗಳಲ್ಲಿ ನಿಮಗೆ ಒಂದು ದಿನವೂ ಸಂಶಯ ಬರಲಿಲ್ಲವಾ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

ಇವರು ನನ್ನ ಕಡೆ ನೋಡಿದರು. "ಇಲ್ಲ" ಎಂದರು.

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಳ್ಳಲು ಹೊರಟ. ನನಗೆ ತಡೆಯಲಾಗಲಿಲ್ಲ. "ಸುಳ್ಳು" ಎಂದು ನನ್ನ ಜಂಬದ ಮಲಯಾಳಂನಲ್ಲೇ ಹೇಳಿದೆ. "ಇವರಿಗೆ ಮೊದಲ ದಿನವೇ ಸಂಶಯ ಬಂದಿತ್ತು. ಬಾಯಿ ಮುಚ್ಚಿಸಿದವಳು ನಾನು. ಮರುನ್ನು ಅಂದರೆ ಔಷಧಿ ಅಂದುಕೊಂಡೆ." ನೈಟಿ ಸ್ವಲ್ಪ ಎತ್ತಿ ಮೊಣಕಾಲನ್ನೂ ತೋರಿಸಿದೆ. ಅವನು ಪೆನ್ನು ಹಿಡಿದ ಹಾಗೇ ನಿಂತ. ಪಕ್ಕದಲ್ಲಿದ್ದ ಅಗ್ನಿಶಾಮಕದವನು ಮುಖ ತಿರುಗಿಸಿ ನಕ್ಕ.

ಅಷ್ಟರಲ್ಲಿ ಏಲೂರಿನಿಂದ ಬೆವರುತ್ತ ಬಂದ ದಿವಾಕರನ್, ಅಪ್ಪ ಕೈಯಾರೆ ಅರೆದದ್ದನ್ನು ಎಸೆಯಲು ಮನಸ್ಸಾಗಲಿಲ್ಲ ಎಂದು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡು ಜೀಪು ಹತ್ತಿದರು. ಜನ ಚದುರಿದರು.

ಇವರು ಮೆಟ್ಟಿಲ ಮೇಲೆ ಕುಳಿತರು. ನಿದ್ದೆ ಹೋಗಿದ್ದ ಸಮೀಕ್ಷಾ ತೊಡೆಯ ಮೇಲಿದ್ದಳು. ತಗ್ಗಿದ ದನಿಯಲ್ಲಿ ಕೇಳಿದರು:

"ಆ ಫೋನ್ ಮಾಡಿದ್ದು... ಅನುಮಾನ ಅಂತ ಆಗುದಿಲ್ಲ ಅಲ್ವಾ? ನೀನು ಪುತ್ತೂರಿಗೆ ಹೋಗುದಿಲ್ಲ ಅಲ್ವಾ?"